ಹಳೆ ಮಾರುತಿ 800: ಹೀಟ್ ಆದರೂ ಥರ್ಮೋಸ್ಟಾಟ್, ಬಿಸಿಯೇ ಆಗದಿದ್ದರೂ ಥರ್ಮೋಸ್ಟಾಟ್?

ನನ್ನ 1997ರ ಮಾರುತಿ 800 ಕೈಗೆ ಬಂದಾಗ ಅದರಲ್ಲಿ ಥರ್ಮೋಸ್ಟಾಟೇ (ಎಂಜಿನ್ ನೀರನ್ನು ರೇಡಿಯೇಟರಿಗೆ ಬಿಡುವ, ತಡೆಯುವ ವಾಲ್ವ್) ಇರಲಿಲ್ಲ. ಇಲ್ಲ ಅನ್ನುವುದು ಗೊತ್ತಾಗಲು ಎರಡು ಚಳಿಗಾಲ ಬೇಕಾಯಿತು. ಮಲೆನಾಡಿನ ಡಿಸೆಂಬರ್ ಬೆಳಗ್ಗೆ ಚೋಕ್ ಎಳೆದು ಹೊರಟರೆ ಐದಾರು ಕಿಲೋಮೀಟರ್ ಆದರೂ ಎಂಜಿನ್ ಮುಲುಗುತ್ತಿತ್ತು. ಚೋಕ್ ಒಳಗೆ ತಳ್ಳಿದರೆ ಆಫ್. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿಸಿ ತೊಳೆಸಿದೆ, ಪ್ಲಗ್ ಬದಲಿಸಿದೆ, ಪೆಟ್ರೋಲ್ ಬಂಕಿನವರನ್ನು ಮನಸ್ಸಿನಲ್ಲೇ ಬೈದೆ. ಕೊನೆಗೊಂದು ದಿನ ಒಡೆದ ಹೋಸ್ ಬದಲಿಸಲು ಬಿಚ್ಚಿದಾಗ, ಥರ್ಮೋಸ್ಟಾಟ್ ಕೂರಬೇಕಾದ ಗೂಡು ಖಾಲಿ ಇರುವುದು ಕಂಡಿತು. ಹಿಂದೆ ಯಾವಾಗಲೋ ಕಾರು ಹೀಟ್ ಆಗಿದೆ, ಯಾರೋ ಪುಣ್ಯಾತ್ಮರು ಅದನ್ನು ತೆಗೆದು ಎಸೆದಿದ್ದಾರೆ.

"ನಮ್ಮ ಬಿಸಿಲಿಗೆ ಆ ವಾಲ್ವ್ ಯಾಕೆ ಸಾರ್, ತೆಗೆದುಬಿಡೋಣ" ಎಂಬ ಮಾತನ್ನು ಹಳೆ ಕಾರು ಇಟ್ಟುಕೊಂಡವರು ಒಮ್ಮೆಯಾದರೂ ಕೇಳಿರುತ್ತೀರಿ. ಹೇಳುವವರು ಮೋಸಗಾರರೇನಲ್ಲ. ವಾಲ್ವ್ ಮುಚ್ಚಿಕೊಂಡು ಕಚ್ಚಿದ್ದರೆ ತೆಗೆದ ಕೂಡಲೇ ಕಾರು ತಣ್ಣಗಾಗುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಆದರೆ ಅರ್ಧಕ್ಕರ್ಧ ಸಲ ಹೀಟಿಗೆ ಕಾರಣ ಬೇರೆಲ್ಲೋ ಇರುತ್ತದೆ. 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ ನಮ್ಮೂರ ಕಡೆ ಅದು ಇನ್ನೂ ದಿನನಿತ್ಯದ ಗಾಡಿ. ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಹಳೆ ಝೆನ್, ಓಮ್ನಿ, ಸ್ಯಾಂಟ್ರೋ ಇರುವವರಿಗೂ ಬಹುಪಾಲು ಹೊಂದುತ್ತದೆ.

ವಾಲ್ವಿನ ಕೆಲಸ ಏನು

ಗದ್ದೆಗೆ ನೀರು ಬಿಡುವ ತೂಬು ನೆನಪಿಸಿಕೊಳ್ಳಿ. ಎಂಜಿನ್ ಮತ್ತು ರೇಡಿಯೇಟರ್ ನಡುವೆ ಅಂಥದ್ದೊಂದು ತೂಬು ಇದೆ, ಅದು ತಾನಾಗಿಯೇ ತೆರೆದು ಮುಚ್ಚುತ್ತದೆ. ನಡುವೆ ಒಂದು ಪುಟ್ಟ ಲೋಹದ ಬಟ್ಟಲು, ಅದರೊಳಗೆ ಮೇಣ. ನೀರು ಬಿಸಿಯಾದಂತೆ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ದೂಡುತ್ತದೆ, ತೂಬು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಅದನ್ನು ವಾಪಸ್ ಮುಚ್ಚುತ್ತದೆ. ಕರೆಂಟ್ ಇಲ್ಲ, ವೈರ್ ಇಲ್ಲ. ಅದರ ಮೈಮೇಲೆ 82 ಅಥವಾ 88 ಎಂಬಂಥ ಅಂಕಿ ಕೊರೆದಿರುತ್ತದೆ. ತೆರೆಯಲು ಶುರುವಾಗುವ ಸೆಲ್ಸಿಯಸ್ ಡಿಗ್ರಿ ಅದು. ಪೂರ್ತಿ ತೆರೆಯಲು ಅದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬೇಕು.

ಎಂಜಿನ್ ಬೇಗ ಬಿಸಿಯಾಗಲಿ ಎಂದೇ ಈ ವ್ಯವಸ್ಥೆ. ತಣ್ಣಗಿನ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಸುಡದೇ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ತೆಳು ಮಾಡುತ್ತದೆ, ಒಳಗಿನ ತೇವ ಆವಿಯಾಗದೆ ಆಯಿಲ್ ಜೊತೆ ಸೇರಿ ಕೆಸರಾಗುತ್ತದೆ. ಬಿಸಿಲಿನ ರಾಯಚೂರಿನ ನಡುಹಗಲಿಗೂ ಎಂಜಿನ್ನಿಗೆ ಬೇಕಾದ 80–90 ಡಿಗ್ರಿಗೂ ಬಹಳ ದೂರ. ಹಾಗಾಗಿ "ನಮ್ಮ ಬಿಸಿಲಿಗೆ" ಅನ್ನುವ ಮಾತಿನಲ್ಲಿ ಹುರುಳಿಲ್ಲ.

ಕೈ ಹಾಕುವ ಮುಂಚೆ

ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆರೆಯಬೇಡಿ. ಬಟ್ಟೆ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಏನೂ ಆಗಲ್ಲ ಅನ್ನುವವರ ಮುಂಗೈ ಒಮ್ಮೆ ನೋಡಿ. ಕ್ಯಾಪ್ ಮೇಲೆ 0.9 (ಬಾರ್) ಎಂದು ಬರೆದಿದ್ದರೆ ಒಳಗಿನ ನೀರು ಅಷ್ಟು ಒತ್ತಡ ಹೊತ್ತು ಕೂತಿರುತ್ತದೆ, 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಕ್ಯಾಪ್ ತೆರೆದ ಕ್ಷಣ ಒತ್ತಡ ಹೋಗಿ ಅದೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ, ಮೇಲಿನ ಹೋಸ್ ಹಿಸುಕಿ ನೋಡಿ, ಮೆತ್ತಗಾಗಿ ತಣ್ಣಗಿದ್ದರೆ ಮಾತ್ರ ಮುಂದುವರಿಯಿರಿ.

ರೇಡಿಯೇಟರ್ ಫ್ಯಾನ್ ಕರೆಂಟಿನದ್ದು, ಯಾವಾಗ ಬೇಕಾದರೂ ತಿರುಗಲು ಶುರುಮಾಡಬಹುದು. ಶಲ್ಯ, ಸೆರಗು, ದುಪಟ್ಟಾ, ಸಡಿಲ ತೋಳು ದೂರವಿರಲಿ. ರೇಡಿಯೇಟರ್ ನೀರಿಗೆ ಬೆರೆಸುವ ಕೂಲಂಟ್ ವಿಷ, ರುಚಿ ಸಿಹಿ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ಕರು ನೆಕ್ಕಿದರೆ ಸಾಯುತ್ತವೆ. ಬಕೆಟ್ಟಿನಲ್ಲಿ ಹಿಡಿಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಬಾವಿ ಕಡೆ ಸುರಿಯಬೇಡಿ.

ಲಕ್ಷಣ: ಮುಳ್ಳು ಮೇಲೇಳುವುದೇ ಇಲ್ಲ

ಕಾರು ಅರ್ಧ ಗಂಟೆ ಓಡಿದರೂ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿದೆ, ಮೈಲೇಜ್ ಕುಸಿದಿದೆ, ಬೆಳಗ್ಗೆ ಚೋಕ್ ಬಿಡಲು ಆಗುತ್ತಿಲ್ಲ, ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ. ಹೀಟ್ ಆಗುತ್ತಿಲ್ಲವಲ್ಲ ಎಂದು ಬಹಳ ಜನ ಇದನ್ನು ದೋಷ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ. ರೇಡಿಯೇಟರ್‌ನ ಮೇಲಿನಿಂದ ಎಂಜಿನ್ನಿಗೆ ಹೋಗುವ ದಪ್ಪ ಹೋಸನ್ನು ನಿಮಿಷಕ್ಕೊಮ್ಮೆ, ಫ್ಯಾನಿನಿಂದ ದೂರ ಕೈಯಿಟ್ಟು ಮುಟ್ಟಿ ನೋಡಿ. ವಾಲ್ವ್ ಸರಿಯಿದ್ದರೆ ಹೋಸ್ ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಸುಡುತ್ತದೆ. ಆ ಹಠಾತ್ ಬಿಸಿಯೇ ತೂಬು ತೆರೆದ ಗುರುತು. ಶುರುವಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ತೆರೆದುಕೊಂಡೇ ಕಚ್ಚಿದೆ, ಇಲ್ಲವೇ ನನ್ನ ಕಾರಿನಂತೆ ಅಲ್ಲಿ ವಾಲ್ವೇ ಇಲ್ಲ.

ಹೋಸ್ ಸರಿಯಾಗಿ ವರ್ತಿಸುತ್ತಿದೆ, ಹೀಟರ್ ಗಾಳಿಯೂ ಬಿಸಿಯಿದೆ, ಮುಳ್ಳು ಮಾತ್ರ ಏಳುತ್ತಿಲ್ಲ ಅಂದರೆ ಮೀಟರ್ ಅಥವಾ ಎಂಜಿನ್ನಿನಲ್ಲಿ ಕೂತು ಅದಕ್ಕೆ ಬಿಸಿ ಎಷ್ಟೆಂದು ತಿಳಿಸುವ ಸೆಂಡರ್ ಕೆಟ್ಟಿದೆ. ವೈರ್ ಕಳಚಿರಬಹುದು, ಅದರ ತುದಿಯ ಲಗ್ ತುಕ್ಕು ಹಿಡಿದಿರಬಹುದು. ಇದನ್ನು ಹಗುರವಾಗಿ ಬಿಡಬೇಡಿ. ಮುಳ್ಳು ಕೆಲಸ ಮಾಡದ ಕಾರು ಹೀಟ್ ಆದಾಗ ಅದನ್ನು ಮೊದಲು ಹೇಳುವುದು ಬಾನೆಟ್ಟಿನಿಂದ ಏಳುವ ಹಬೆ.

ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಎಂಜಿನ್ ಪೂರ್ತಿ ಬಿಸಿಯಾಗದೆ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವ ಸೇರಿ ಹೀಗಾಗುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಅದರಲ್ಲೂ ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ವಿಷಯ ಬೇರೆ, ಕೆಳಗೆ ಹೇಳಿದ್ದೇನೆ.

ಲಕ್ಷಣ: ಹೊರಟು ಹತ್ತು ನಿಮಿಷದಲ್ಲಿ ಮುಳ್ಳು ಕೆಂಪಿಗೆ

ಸಮತಟ್ಟು ರಸ್ತೆ, ಹೆಚ್ಚು ಭಾರವಿಲ್ಲ. ಆದರೂ ಮುಳ್ಳು ಎಲ್ಲೂ ನಿಲ್ಲದೆ ಏರುತ್ತದೆ. ವಾಲ್ವ್ ಮುಚ್ಚಿಕೊಂಡು ಕಚ್ಚಿದಾಗ ಹೀಗೇ ಆಗುತ್ತದೆ. ಆದರೂ ಮೊದಲು ನೋಡಬೇಕಾದ್ದು ನೀರು. ಎಂಜಿನ್ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ನೋಡಿ, ನೀರು ಕತ್ತಿನವರೆಗೆ ಇರಬೇಕು. ರಿಸರ್ವ್ ಬಾಟಲಿಯಲ್ಲಿ ಇದೆಯಲ್ಲ ಎಂದು ಸಮಾಧಾನಪಡಬೇಡಿ. ಕ್ಯಾಪಿನ ರಬ್ಬರ್ ಹರಿದಿದ್ದರೆ ಬಾಟಲಿ ತುಂಬಿಕೊಂಡೇ ಇರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಹೋಗುತ್ತದೆ. ಹೊಸ ಕ್ಯಾಪಿನ ಬೆಲೆ ಬಹಳ ಕಡಿಮೆ. ಹಳೆಯದರ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಯೋಚಿಸದೆ ಬದಲಿಸಿ, ಅದೇ ಅಂಕಿಯದ್ದು ತನ್ನಿ.

ನಂತರ ಬೆಲ್ಟ್. 800ರಲ್ಲಿ ವಾಟರ್ ಪಂಪ್ ಮತ್ತು ಡೈನಮೊ ಒಂದೇ ಬೆಲ್ಟಿನಲ್ಲಿ ತಿರುಗುತ್ತವೆ. ಹಾಗಾಗಿ ಹೀಟ್ ಆಗುವುದರ ಜೊತೆಗೆ ಡ್ಯಾಶಿನಲ್ಲಿ ಕೆಂಪು ಬ್ಯಾಟರಿ ದೀಪವೂ ಹತ್ತಿದ್ದರೆ ಬೆಲ್ಟ್ ಹರಿದಿದೆ ಅಂತಲೇ ಲೆಕ್ಕ. ಗಾಡಿ ನಿಲ್ಲಿಸಿ.

ನೀರೂ ಇದೆ, ಬೆಲ್ಟೂ ಇದೆ ಅಂದರೆ ಹೋಸ್ ಪರೀಕ್ಷೆ. ಮುಳ್ಳು ಮುಕ್ಕಾಲು ದಾಟಿದಾಗಲೂ ಮೇಲಿನ ಹೋಸ್ ತಣ್ಣಗಿದ್ದರೆ ಬಿಸಿ ನೀರು ರೇಡಿಯೇಟರಿಗೆ ತಲುಪುತ್ತಿಲ್ಲ. ವಾಲ್ವ್ ಮೇಲೆ ಅನುಮಾನ ಗಟ್ಟಿ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೂ, ಪಂಪಿನ ರೆಕ್ಕೆ ಸವೆದಿದ್ದರೂ ಇದೇ ಲಕ್ಷಣ ಬರುತ್ತದೆ. ಆದರೆ ಮೂರರಲ್ಲಿ ಅಗ್ಗವಾದದ್ದು ವಾಲ್ವ್, ಅದನ್ನೇ ಮೊದಲು ಬಿಚ್ಚುವುದು. ಮುಳ್ಳು ಕೆಂಪು ಮುಟ್ಟುವ ಮುಂಚೆ ಎಂಜಿನ್ ಆಫ್ ಮಾಡಿ, ಪರೀಕ್ಷೆಯ ಹುಮ್ಮಸ್ಸಿನಲ್ಲಿ ಹೆಡ್ (ಎಂಜಿನ್ನಿನ ಮೇಲ್ಭಾಗ) ಸುಟ್ಟುಕೊಳ್ಳಬೇಡಿ.

ವಾಲ್ವ್ ಯಾಕೆ ಕಚ್ಚುತ್ತದೆ? ನಮ್ಮ ಕಡೆ ಮುಖ್ಯ ಕಾರಣ ಬೋರ್‌ವೆಲ್ ನೀರು. ಪಾತ್ರೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಉಪ್ಪಿನ ಪದರವೇ ವಾಲ್ವಿನ ಮೇಲೂ ಕಟ್ಟುತ್ತದೆ. ಕೂಲಂಟ್ ಇಲ್ಲದೆ ಬರೀ ನೀರು ಓಡಿಸಿದರೆ ತುಕ್ಕೂ ಸೇರುತ್ತದೆ. ಇಟ್ಟಿಗೆ ಬಣ್ಣದ ನೀರು ಬಂದರೆ ಒಳಗಿನ ಸ್ಥಿತಿ ಊಹಿಸಿಕೊಳ್ಳಿ.

ಲಕ್ಷಣ: ಸಿಗ್ನಲ್ಲಿನಲ್ಲಿ ಏರುತ್ತದೆ, ಓಡಿದರೆ ಇಳಿಯುತ್ತದೆ

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಮುಳ್ಳು ಏರಿ, ಹೊಸೂರು ರಸ್ತೆಯಲ್ಲಿ ವೇಗ ಸಿಕ್ಕ ಕೂಡಲೇ ಇಳಿದರೆ ಥರ್ಮೋಸ್ಟಾಟ್ ಮುಟ್ಟಲೇಬೇಡಿ. ಇದು ಫ್ಯಾನಿನ ಸಮಸ್ಯೆ. ಓಡುವಾಗ ಎದುರು ಗಾಳಿ ರೇಡಿಯೇಟರನ್ನು ತಣ್ಣಗಿಡುತ್ತದೆ, ನಿಂತಾಗ ಫ್ಯಾನ್ ಬೇಕು. ಫ್ಯೂಸ್ ನೋಡಿ. ಸರಿಯಿದ್ದರೆ, ಕಾರ್ಬ್ಯುರೇಟರ್ ಗಾಡಿಯಲ್ಲಿ ಫ್ಯಾನ್ ಸ್ವಿಚ್ಚಿನ ವೈರ್ ಕಳಚಿ ಎರಡು ತುದಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಇಗ್ನಿಷನ್ ಆನ್ ಮಾಡಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ, ತಿರುಗದಿದ್ದರೆ ಮೋಟಾರೋ ವೈರಿಂಗೋ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವ) ಗಾಡಿಯಲ್ಲಿ ಈ ಕೆಲಸ ಕಂಪ್ಯೂಟರ್ ಮತ್ತು ರಿಲೇ ಕೈಯಲ್ಲಿದೆ, ಅಲ್ಲಿ ವೈರ್ ಚುಚ್ಚುವ ಪ್ರಯೋಗ ಬೇಡ, ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಲಕ್ಷಣ: ಊರಲ್ಲಿ ಸರಿ, ಘಾಟಿಯಲ್ಲಿ ಹೀಟ್

ಇದು ಕಗ್ಗಂಟು. ಚಾರ್ಮಾಡಿ ಹತ್ತುವಾಗ ಎರಡನೇ ಗೇರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಲಗೇಜು, ಎಸಿ ಬೇರೆ. ಎಂಜಿನ್ ಪೂರ್ತಿ ಶ್ರಮದಲ್ಲಿ, ಎದುರು ಗಾಳಿ ಕಡಿಮೆ. ನೀರಿನ ಹಾದಿಯಲ್ಲಿ ಎಲ್ಲಿ ಅರ್ಧ ಅಡಚಣೆ ಇದ್ದರೂ ಊರಿನ ಓಡಾಟದಲ್ಲಿ ತೋರದೆ ಇಲ್ಲಿ ಹೊರಬೀಳುತ್ತದೆ. ಅರ್ಧವೇ ತೆರೆಯುವ ವಾಲ್ವ್ ಒಂದು ಕಾರಣ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಸಲ ಸಿಕ್ಕಿದ್ದು ರೇಡಿಯೇಟರ್. ಹೊರಗಿನ ರೆಕ್ಕೆಗಳ ನಡುವೆ ಹುಳು, ಕೆಸರು, ಒಣ ಎಲೆ ಕೂತಿರುತ್ತವೆ, ಒಳಗಿನ ಕೊಳವೆಗಳಲ್ಲಿ ಉಪ್ಪು. ಹೊರಗಿನದನ್ನು ತಣ್ಣಗಿದ್ದಾಗ ಹಿಂದಿನಿಂದ ಮುಂದಕ್ಕೆ ಸಾಧಾರಣ ಪೈಪ್ ನೀರಿನಿಂದ ನೀವೇ ತೊಳೆಯಬಹುದು. ವಾಟರ್ ಸರ್ವಿಸಿನ ಜೋರು ನೀರು ಹತ್ತಿರದಿಂದ ಬಿಟ್ಟರೆ ರೆಕ್ಕೆಗಳು ಮಡಚಿಕೊಂಡು ಇದ್ದ ಗಾಳಿಯೂ ನಿಲ್ಲುತ್ತದೆ. ಒಳಗಿನದ್ದು ರೇಡಿಯೇಟರ್ ಅಂಗಡಿಯವರ ಕೆಲಸ. ಇನ್ನೊಂದು, ಕೆಳಗಿನ ಹೋಸ್. ಹಳೆಯದಾಗಿ ಮೆತ್ತಗಾಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಪಂಪಿನ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತದೆ. ಬಾನೆಟ್ ತೆರೆದಿಟ್ಟು ಒಬ್ಬರು ಆಕ್ಸಿಲರೇಟರ್ ಒತ್ತಲಿ, ಇನ್ನೊಬ್ಬರು ನೋಡಲಿ.

ಘಾಟಿಯಲ್ಲೇ ಮುಳ್ಳು ಏರಿದರೆ ಎಸಿ ಆಫ್, ಹೀಟರ್ ಇದ್ದರೆ ಪೂರ್ತಿ ಆನ್, ಕಿಟಕಿ ತೆರೆಯಿರಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಬೆವರುತ್ತೀರಿ, ಆದರೆ ಎಂಜಿನ್ ಉಳಿಯುತ್ತದೆ. ಅಗಲ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ತಿರುವಿನಲ್ಲಿ ಬೇಡ, ಹಿಂದೆ ಬಸ್ಸು ಬರುತ್ತಿರುತ್ತದೆ. ಹಬೆ ಏಳುತ್ತಿದ್ದರೆ ಎಂಜಿನ್ ತಕ್ಷಣ ಆಫ್ ಮಾಡಿ. ಪಕ್ಕದ ಝರಿಯಿಂದ ಬಾಟಲಿ ತುಂಬಿ ತಂದು ಎಂಜಿನ್ ಮೇಲೆ ಸುರಿಯುವವರನ್ನು ಚಾರ್ಮಾಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅಲ್ಯುಮಿನಿಯಂ ಹೆಡ್ ಅದು, ಕಾದಿರುವಾಗ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಲಕ್ಷಣ: ಮುಳ್ಳು ಉಯ್ಯಾಲೆ ಆಡುತ್ತದೆ

ಏರಿ, ಥಟ್ಟನೆ ಇಳಿದು, ಮತ್ತೆ ಏರುತ್ತದೆ. ನೀರು ಕಡಿಮೆಯಾಗಿರಬಹುದು, ಒಳಗೆ ಗಾಳಿ ಸಿಕ್ಕಿರಬಹುದು, ಇಲ್ಲವೇ ವಾಲ್ವ್ ತಡವಾಗಿ ಜಿಗಿದು ತೆರೆಯುತ್ತಿರಬಹುದು. ಇದೇ ಕ್ರಮದಲ್ಲಿ ನೋಡಿ. ಹೆಡ್‌ಲೈಟ್ ಅಥವಾ ಇಂಡಿಕೇಟರ್ ಹಾಕಿದಾಗ ಮುಳ್ಳು ಕುಣಿದರೆ ನೀರಿಗೂ ಅದಕ್ಕೂ ಸಂಬಂಧವಿಲ್ಲ, ಅರ್ಥಿಂಗ್ ಸರಿಯಿಲ್ಲ.

ಇಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಕರೆಯಿರಿ

ಹೊರಗೆ ಎಲ್ಲೂ ಸೋರದೆ ನೀರು ದಿನಾ ಕಡಿಮೆಯಾಗುತ್ತಿದೆ. ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರಿಸರ್ವ್ ಬಾಟಲಿಯಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತಿದೆ. ಡಿಪ್‌ಸ್ಟಿಕ್ಕಿನಲ್ಲಿ ಹಾಲು ಕಾಫಿ ಬಣ್ಣ. ಇವುಗಳಲ್ಲಿ ಯಾವುದೊಂದು ಕಂಡರೂ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಅದರ ಕೆಳಗಿನ ಎಂಜಿನ್ನಿಗೂ ನಡುವಿನ ಪ್ಯಾಕಿಂಗ್) ಹೋಗಿರುವ ಸಾಧ್ಯತೆ ಹೆಚ್ಚು. ಥರ್ಮೋಸ್ಟಾಟ್ ಬದಲಿಸಿ ಪ್ರಯೋಜನವಿಲ್ಲ, ಓಡಿಸಲೂಬಾರದು, ಟೋ ಮಾಡಿಸಿ. ಹೆಡ್ ಬಿಚ್ಚಿದರೆ ಲೇತಿಗೆ ಕಳಿಸಿ ಮಟ್ಟ ನೋಡಿಸಲು ಹೇಳಿ. ಬರೀ ಗ್ಯಾಸ್ಕೆಟ್ ಬದಲಿಸಿ ಕೂರಿಸಿದರೆ ಮೂರು ತಿಂಗಳಲ್ಲಿ ಅದೇ ಕಥೆ.

ಪಾತ್ರೆಯಲ್ಲಿ ಪರೀಕ್ಷೆ

ಅನುಮಾನ ವಾಲ್ವ್ ಮೇಲೆಯೇ ಬಂತು, ಬಿಚ್ಚಿದಿರಿ. ಮೊದಲು ಕಣ್ಣಿಗೆ ಹಿಡಿದು ನೋಡಿ. ತಣ್ಣಗಿರುವಾಗ ಸಂದಿನಲ್ಲಿ ಬೆಳಕು ಕಂಡರೆ ತೆರೆದೇ ಕಚ್ಚಿದೆ, ಮುಂದಿನ ಪರೀಕ್ಷೆ ಬೇಡ. ಬೆಳಕು ಕಾಣದಿದ್ದರೆ ಇನ್ನೆಂದೂ ಅಡುಗೆಗೆ ಬಳಸದ ಹಳೆ ಪಾತ್ರೆಯಲ್ಲಿ ನೀರಿಟ್ಟು ಒಲೆಯ ಮೇಲಿಡಿ. ವಾಲ್ವಿನ ಬಾಯಿಯ ಸಂದಿಗೆ ಒಂದು ದಾರ ಸಿಕ್ಕಿಸಿ, ಅದೇ ದಾರದಿಂದ ತಳ ಮುಟ್ಟದಂತೆ ನೀರಿನಲ್ಲಿ ತೂಗುಬಿಡಿ. ಬಾಯಿ ತೆರೆದ ಕ್ಷಣ ದಾರ ಬಿಟ್ಟುಕೊಂಡು ವಾಲ್ವ್ ಕೆಳಗೆ ಬೀಳುತ್ತದೆ. ಆಗ ಥರ್ಮಾಮೀಟರಿನಲ್ಲಿ ಎಷ್ಟಿದೆ ನೋಡಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಒಡೆದುಹೋಗುತ್ತದೆ. ಕೊರೆದ ಅಂಕಿಗೆ ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ವಾಲ್ವ್ ಸರಿ.

ಥರ್ಮಾಮೀಟರ್ ಇಲ್ಲವೇ? ನೀರು ಕುದಿಯುವಾಗಲೂ ತೆರೆಯದಿದ್ದರೆ ಎಸೆಯಿರಿ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ, ಮಡಿಕೇರಿಯಲ್ಲಿ ಅದಕ್ಕಿಂತ ತುಸು ಕಡಿಮೆಗೆ ಕುದಿಯುತ್ತದೆ. 82ರ ವಾಲ್ವ್ ಪೂರ್ತಿ ತೆರೆಯಲು ಅದು ಸಾಕು. 88ರದ್ದು ಅಲ್ಲಿ ಪೂರ್ತಿ ತೆರೆಯದೆ ಮುಕ್ಕಾಲಿಗೆ ನಿಂತರೆ ದೋಷ ಅಂದುಕೊಳ್ಳಬೇಡಿ. ಹೊರತೆಗೆದು ತಣ್ಣಗಾದ ಮೇಲೆ ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ಎಂಬುದನ್ನೂ ನೋಡಿ. ಅಂಗಡಿಯಿಂದ ತಂದ ಹೊಸದನ್ನೂ ಹೀಗೇ ಕುದಿಸಿ ನೋಡಿಯೇ ಹಾಕುವುದು ನನ್ನ ಅಭ್ಯಾಸ. ಮನೆಯಲ್ಲಿ ನಗುತ್ತಾರೆ, ನಗಲಿ.

ಬದಲಿಸುವುದು

ರಾತ್ರಿ ನಿಲ್ಲಿಸಿದ ಕಾರು, ಬೆಳಗಿನ ಹೊತ್ತು. ಬೇಕಾದ್ದು 10 ಮತ್ತು 12 ನಂಬರ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಹೊಸ ವಾಲ್ವ್, ಹೊಸ ಪ್ಯಾಕಿಂಗ್, ಕೂಲಂಟ್, ಬಕೆಟ್. ಬಿಡಿಭಾಗದ ಅಂಗಡಿಯಲ್ಲಿ, ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ, ಬರೀ "800ರ ಥರ್ಮೋಸ್ಟಾಟ್" ಅನ್ನಬೇಡಿ. ಕಾರ್ಬ್ಯುರೇಟರೋ ಎಂಪಿಎಫ್‌ಐಯೋ, ಯಾವ ವರ್ಷದ್ದು ಎಂದು ಹೇಳಿ, ಸಾಧ್ಯವಾದರೆ ಹಳೆಯದನ್ನೇ ತೋರಿಸಿ. ಡಿಗ್ರಿಯ ಅಂಕಿ ಕೊರೆದಿಲ್ಲದ್ದನ್ನು ಕೊಳ್ಳಬೇಡಿ.

ಕ್ಯಾಪ್ ತೆಗೆದು, ರೇಡಿಯೇಟರ್ ಕೆಳಗಿನ ಡ್ರೈನ್ ಬಿಚ್ಚಿ ಅರ್ಧದಷ್ಟು ನೀರು ಬಕೆಟ್ಟಿಗೆ ಇಳಿಸಿ. ಮೇಲಿನ ಹೋಸ್ ಎಂಜಿನ್ ಸೇರುವ ಕಡೆ ಎರಡು ಬೋಲ್ಟಿನ ಒಂದು ಟೊಪ್ಪಿಗೆ ಇದೆ, ಅದರ ಕೆಳಗೇ ವಾಲ್ವ್. ಈ ಕೆಲಸದಲ್ಲಿ ನಿಜವಾದ ಅಪಾಯ ಆ ಎರಡು ಬೋಲ್ಟುಗಳಲ್ಲಿದೆ. ಇಪ್ಪತ್ತು ಮೂವತ್ತು ವರ್ಷ ಅಲ್ಯುಮಿನಿಯಂ ಒಳಗೆ ಕೂತ ಕಬ್ಬಿಣದ ಬೋಲ್ಟ್ ಸುಲಭಕ್ಕೆ ಬರುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬಿಚ್ಚುವಾಗ ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ. ಸ್ಪ್ಯಾನರ್ ಕೆಳಗೆ ಬೋಲ್ಟ್ ರಬ್ಬರಿನಂತೆ ತಿರುಚಿಕೊಳ್ಳುವ ಅನುಭವವಾದರೆ ಅಲ್ಲೇ ಕೈ ಬಿಡಿ. ಇನ್ನೊಂದು ಎಳೆತಕ್ಕೆ ತಲೆ ಮುರಿಯುತ್ತದೆ, ಕೆಲವು ನೂರು ರೂಪಾಯಿಯ ಕೆಲಸ ಲೇತಿನವರೆಗೆ ಹೋಗುತ್ತದೆ. ಕಾಯಿಸಿ ತೆಗೆಯುವ ಕೈ ಪಳಗಿದ ಮೆಕ್ಯಾನಿಕ್‌ಗೆ ಬಿಡಿ.

ಟೊಪ್ಪಿಗೆ ತೆಗೆದಾಗ ಹಳೆಯ ವಾಲ್ವ್ ಹೇಗೆ ಕೂತಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮೇಣದ ಬಟ್ಟಲು ಮತ್ತು ದೊಡ್ಡ ಸ್ಪ್ರಿಂಗ್ ಎಂಜಿನ್ ಕಡೆಗಿರಬೇಕು. ತಿರುಗುಮುರುಗು ಹಾಕಿದರೆ ಬಿಸಿ ನೀರು ಮೇಣವನ್ನು ತಡವಾಗಿ ಮುಟ್ಟುತ್ತದೆ, ಕಾರು ಮೊದಲ ದಿನವೇ ಹೀಟ್. ವಾಲ್ವಿನ ಅಂಚಿನಲ್ಲಿ ಅಲುಗಾಡುವ ಒಂದು ಪುಟ್ಟ ಪಿನ್ ಇದ್ದರೆ ಅದು ಮೇಲ್ಗಡೆ ಬರಲಿ, ಸಿಕ್ಕಿಕೊಂಡ ಗಾಳಿ ಹೋಗಲು ಇರುವ ದಾರಿ ಅದು. ಹಳೆ ಪ್ಯಾಕಿಂಗನ್ನು ಮರದ ಚಕ್ಕೆಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಕೆರೆಯಿರಿ. ಉಳಿ, ಆಕ್ಸಾ ಬ್ಲೇಡು ಬಳಸಿದರೆ ಬಿದ್ದ ಗೀರಿನಲ್ಲೇ ನೀರು ಸೋರುತ್ತದೆ. ಚೂರುಗಳು ಒಳಗೆ ಬೀಳದಂತೆ ರಂಧ್ರಕ್ಕೆ ಬಟ್ಟೆ ತುರುಕಿ, ಬಟ್ಟೆ ತೆಗೆಯಲು ಮರೆಯಬೇಡಿ! ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಸಿ. ಒಂದನ್ನೇ ಪೂರ್ತಿ ಬಿಗಿದರೆ ಟೊಪ್ಪಿಗೆಯ ಕಿವಿ ಒಡೆಯುತ್ತದೆ.

ಇನ್ನು ನೀರು ತುಂಬುವುದು. ಕೂಲಂಟ್ ಬೆರೆಸಿಯೇ ಬಂದ ಬಾಟಲಿಯಾದರೆ ಹಾಗೇ ಹಾಕಿ. ಬೆರೆಸಬೇಕಾದದ್ದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಬ್ಯಾಟರಿ ಆಸಿಡ್ ಅಲ್ಲ. ನಿಧಾನವಾಗಿ ಸುರಿಯಿರಿ. ಕ್ಯಾಪ್ ತೆರೆದಿಟ್ಟೇ, ಹೀಟರ್ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡಿ, ಮುಖ ದೂರವಿರಲಿ. ಗುಳ್ಳೆ ಬರುತ್ತಿರುತ್ತವೆ. ವಾಲ್ವ್ ತೆರೆದ ಕೂಡಲೇ ಮಟ್ಟ ಥಟ್ಟನೆ ಇಳಿಯುತ್ತದೆ, ಆಗ ಮತ್ತೆ ತುಂಬಿ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾಯಿರಿ. ಮೇಲಿನ ಹೋಸ್ ಬಿಸಿಯಾಗಿದ್ದೂ ಹೀಟರ್ ತಣ್ಣನೆ ಗಾಳಿ ಊದುತ್ತಿದ್ದರೆ ಗಾಳಿ ಇನ್ನೂ ಒಳಗಿದೆ. ಎಂಜಿನ್ ಪೂರ್ತಿ ಆರಿದ ಮೇಲೆ ಕಾರಿನ ಮೂತಿಯನ್ನು ಏರು ಜಾಗಕ್ಕೆ ಮಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಇದನ್ನೇ ಇನ್ನೊಮ್ಮೆ ಮಾಡಿ.

ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕ್ಯಾಪ್ ತೆಗೆದು ನೋಡಿ, ಒಂದು ಲೋಟದಷ್ಟು ನೀರು ಹಿಡಿಯುವುದು ಸಹಜ. ಟೊಪ್ಪಿಗೆಯ ಸುತ್ತ ಬೆರಳಾಡಿಸಿ, ಒದ್ದೆಯಿದ್ದರೆ ಬೋಲ್ಟಿಗೆ ಇನ್ನೊಂದು ಸಣ್ಣ ತಿರುವು. ಎರಡನೇ ದಿನವೂ ಒಂದು ಲೋಟ ಹಿಡಿದರೆ ಎಲ್ಲೋ ಸೋರುತ್ತಿದೆ. ರಾತ್ರಿ ಎಂಜಿನ್ ಕೆಳಗೆ ಹಳೆ ಪೇಪರ್ ಹಾಸಿ, ಬೆಳಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ.